ಹನಿ ಉದ್ದವಾಯಿತು, ಹರಿವೆಲ್ಲಿ?

ಪ್ರಶ್ನೆ: ಕಾಲೇಜು ಪ್ರಾಜೆಕ್ಟಿಗಾಗಿ ಹರಳೆಣ್ಣೆಯಲ್ಲಿ 2 ಮಿ.ಮೀ. ವ್ಯಾಸದ ಉಪ್ಪುನೀರಿನ ಹನಿ ಬಿಟ್ಟು, 2 ಸೆಂ.ಮೀ. ಅಂತರದ ತಾಮ್ರದ ತಗಡುಗಳ ನಡುವೆ 4 ಕಿಲೋವೋಲ್ಟ್ ಡಿ.ಸಿ. ಕೊಟ್ಟೆವು. ಹನಿ ತುಸು ಉದ್ದವಾಯಿತು. ಸುತ್ತಲಿನ ಎಣ್ಣೆ ಮಾತ್ರ ಸುತ್ತಲೇ ಇಲ್ಲ. ಎಲ್ಲಿ ತಪ್ಪಿದೆವು?
– ವಿದ್ಯಾರ್ಥಿನಿ, ಚೆಂಬೂರು, ಮುಂಬಯಿ

ಉತ್ತರ: ಪ್ರಯೋಗ ಸರಿಯಾಗಿಯೇ ಇದೆ, ಹನಿಯ ಆಯ್ಕೆ ಸರಿಯಿಲ್ಲ. ಹರಳೆಣ್ಣೆಯ ಮುಂದೆ ಉಪ್ಪುನೀರು ಲೋಹಕ್ಕೆ ಸಮ. ವಾಹಕದ ಮೈಮೇಲೆ ವಿದ್ಯುತ್ ಕ್ಷೇತ್ರ ನೆಟ್ಟಗೆ ಹೊರಕ್ಕೆ ಚಾಚಿರುತ್ತದೆ. ಮೈಗುಂಟ ಜಗ್ಗುವ ಬಲವೇ ಇಲ್ಲ. ಹಾಗಾಗಿ ಹನಿ ಹಿಗ್ಗಿ ನಿಲ್ಲುತ್ತದೆ. ನಿಮ್ಮ ಅಳತೆಯಲ್ಲಿ ಉದ್ದವು ಅಗಲಕ್ಕಿಂತ ನೂರಕ್ಕೆ ಸುಮಾರು 10 ಹೆಚ್ಚಿರಬೇಕು. 6 ಕಿಲೋವೋಲ್ಟ್ ಹತ್ತಿರ ತುದಿಗಳು ಚೂಪಾಗಿ ಸಣ್ಣ ಹನಿಗಳನ್ನು ಉಗುಳತೊಡಗುತ್ತವೆ. ಪಾತ್ರೆಯಲ್ಲಿ ಸೋಪಿನ ಪಸೆ ಉಳಿದಿದ್ದರೆ ಇನ್ನೂ ಮೊದಲೇ.

ನೀರಿನ ಬದಲು ಸಿಲಿಕೋನ್ ಎಣ್ಣೆಯ ಹನಿ ಬಿಡಿ. ಎರಡೂ ಎಣ್ಣೆಗಳು ವಿದ್ಯುತ್ತನ್ನು ತೀರಾ ಕೊಂಚ ಸೋರಿಸುತ್ತವೆ. ಗಡಿಯಲ್ಲಿ ವಿದ್ಯುದಾವೇಶ ಕೂಡುತ್ತದೆ, ಮೈಗುಂಟದ ಕ್ಷೇತ್ರವೂ ಉಳಿದಿರುತ್ತದೆ. ಎರಡೂ ಸೇರಿ ಮೈಯನ್ನು ತುದಿಗಳಿಂದ ನಡುವಿಗೆ ಎಳೆಯುತ್ತವೆ, ಅದರೊಂದಿಗೆ ಸುತ್ತಲಿನ ಎಣ್ಣೆಯೂ ಸುತ್ತುತ್ತದೆ. ಹನಿ ಉದ್ದವಾಗುವ ಬದಲು ಚಪ್ಪಟೆಯಾಗುತ್ತದೆ. 1962ರಲ್ಲಿ ವಿಜ್ಞಾನಿಗಳಾದ ಆಲನ್ ಮತ್ತು ಮೇಸನ್ ಕಂಡ ಇಂಥ ಚಪ್ಪಟೆ ಹನಿಗಳ ಗುಟ್ಟನ್ನು 1966ರಲ್ಲಿ ಬ್ರಿಟಿಷ್ ಭೌತವಿಜ್ಞಾನಿ ಜಿ. ಐ. ಟೇಲರ್ ಬಿಡಿಸಿದ್ದು ಈ ಸೋರಿಕೆಯಿಂದಲೇ. ಸಾಂದ್ರತೆಯೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಈ ಹನಿ ಇದ್ದಲ್ಲೇ ತೇಲುತ್ತದೆ. ನಿಮ್ಮ ನೀರಿನ ಹನಿಯಾದರೋ ನಿಮಿಷಕ್ಕೆ ಸುಮಾರು 1 ಸೆಂ.ಮೀ. ಇಳಿದಿರುತ್ತದೆ.

ಎಣ್ಣೆಯ ಹರಿವಿನ ವೇಗ ಸೆಕೆಂಡಿಗೆ 0.1 ಮಿ.ಮೀ. ಆಸುಪಾಸು, ಬರಿಗಣ್ಣಿಗೆ ಸಿಗದು. 10 ಮೈಕ್ರಾನಿನ ಟೊಳ್ಳು ಗಾಜಿನ ಪುಡಿಯನ್ನು ಚಿಟಿಕೆಯಷ್ಟು ಬೆರೆಸಿ, ಮೊಬೈಲಿನಲ್ಲಿ ಚಿತ್ರಿಸಿ ವೇಗವಾಗಿ ಓಡಿಸಿ ನೋಡಿ. ಡಿ.ಸಿ.ಯೇ ಇರಲಿ: ಹರಳೆಣ್ಣೆಯಲ್ಲಿ ಆವೇಶ ಕೂಡಲು ಅರ್ಧ–ಒಂದು ಸೆಕೆಂಡ್ ಬೇಕು, 50 ಹರ್ಟ್ಸ್ ಎ.ಸಿ.ಗೆ ಅಷ್ಟು ತಾಳ್ಮೆಯಿಲ್ಲ. ನಿಮ್ಮೂರಿನ ಮಳೆಗಾಲದಲ್ಲಿ ತೆರೆದಿಟ್ಟ ಹರಳೆಣ್ಣೆ ತೇವ ಹೀರಿ ಲೆಕ್ಕ ಕೆಡಿಸುತ್ತದೆ. ಕಾಯಿಸಿ, ಆರಿಸಿ, ಬಿಗಿಯಾಗಿ ಮುಚ್ಚಿಡಿ. ಹನಿ ಒಂದು ತಗಡಿನತ್ತ ಓಡಿದರೆ, ಅದನ್ನು ಬಿಟ್ಟ ಸೂಜಿಯಿಂದ ಅದಕ್ಕೆ ಆವೇಶ ಅಂಟಿದೆ ಎಂದರ್ಥ. ಸೂಜಿ ತೆಗೆದ ಮೇಲೆಯೇ ಸ್ವಿಚ್ ಹಾಕಿ. ಸರಣಿಯಲ್ಲಿ 10 ಮೆಗಾಓಮ್ ರೋಧಕ, ಪಕ್ಕದಲ್ಲಿ ಮೇಷ್ಟ್ರು, ಇವೆರಡೂ ಕಡ್ಡಾಯ. ಸ್ವಿಚ್ ಆರಿಸಿದ ಮೇಲೆ ತಗಡುಗಳನ್ನು ಅರ್ಥ್ ಕಡ್ಡಿಯಿಂದ ಮುಟ್ಟಿಸದೆ ಕೈ ಹಾಕಬೇಡಿ.

ಪ್ರಶ್ನೆ: ಹಾಗಾದರೆ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕೆಲವೇ ವೋಲ್ಟಿಗೆ ಗ್ಯಾಲಿಯಂ ಹನಿ ಧನಾಗ್ರದತ್ತ ಓಡುವುದೇಕೆ? ಅದೂ ವಾಹಕವೇ ಅಲ್ಲವೇ?
– ಓದುಗರು, ಕೋಥ್ರೂಡ್, ಪುಣೆ

ಉತ್ತರ: ಹೌದು, ಆದರೆ ಇಲ್ಲಿ ಹೊರಗಿನ ದ್ರವವೂ ವಾಹಕ. ಹನಿಯ ಮೈಗೆ ಅಯಾನುಗಳ ತೆಳುಪದರ ಅಂಟಿರುತ್ತದೆ. ಧನಾಗ್ರದ ಕಡೆಯ ಮಗ್ಗುಲಲ್ಲಿ ಆ ಪದರದ ಆವೇಶ ಹೆಚ್ಚಿ ಮೇಲ್ಮೈ ಎಳೆತ ಕುಗ್ಗುತ್ತದೆ. ಮೈ ಹಿಂದಕ್ಕೆ ಸರಿದು ದ್ರಾವಣವನ್ನು ತಳ್ಳುತ್ತದೆ, ಹುಟ್ಟು ಹಾಕಿದ ದೋಣಿಯಂತೆ ಹನಿ ಮುಂದಕ್ಕೆ ಹೋಗುತ್ತದೆ. ವೋಲ್ಟೇಜ್ ಏರಿಸಿದರೆ ಋಣಾಗ್ರದ ಕಡೆಯ ಮಗ್ಗುಲಿಗೆ ಬೂದು ಆಕ್ಸೈಡ್ ಕಟ್ಟಿ ಓಟ ಕುಂಟುತ್ತದೆ. ಗ್ಯಾಲಿಯಂ 29.8 ಡಿಗ್ರಿಗೆ ಕರಗುತ್ತದೆ. ಪುಣೆಯ ಡಿಸೆಂಬರಿನಲ್ಲಿ ದ್ರಾವಣವನ್ನು ಬೆಚ್ಚಗಿಟ್ಟುಕೊಳ್ಳಿ. ಕನ್ನಡಕ, ಕೈಗವಸು ಇಲ್ಲದೆ ಕಾಸ್ಟಿಕ್ ಮುಟ್ಟಬೇಡಿ.