ಮಾವನ ತಟ್ಟೆ ಬೇರೆ ಇಡಬೇಕಾ, ಡಾಕ್ಟರೇ?

ಪ್ರಶ್ನೆ: ನಮ್ಮ ಮಾವನವರಿಗೆ 58 ವರ್ಷ. ಬೀಡಿ, ಗುಟ್ಕಾ ಮುಟ್ಟಿದವರಲ್ಲ. ದವಡೆಯ ಕೆಳಗೆ ನೋವಿಲ್ಲದ ಗಂಟು ಬಂದಿತ್ತು. ಒಂದು ಕಡೆ ಮೂರು ತಿಂಗಳು ಬರೀ ಆಂಟಿಬಯೋಟಿಕ್ ಕೊಟ್ಟರು. ಈಗ ನೋಡಿದರೆ ಟಾನ್ಸಿಲ್ ಕ್ಯಾನ್ಸರ್. ರಿಪೋರ್ಟಿನಲ್ಲಿ ‘ಪಿ16 ಪಾಸಿಟಿವ್’ ಅಂತಿದೆ, ವೈರಸ್‌ನಿಂದ ಬಂದಿರಬಹುದು ಅಂದರು. ಅವತ್ತಿನಿಂದ ಅತ್ತೆ ಅವರ ತಟ್ಟೆ, ಲೋಟ ಬೇರೆ ಇಟ್ಟಿದ್ದಾರೆ. ಮೊಮ್ಮಗನನ್ನೂ ಹತ್ತಿರ ಬಿಡುತ್ತಿಲ್ಲ. ಇದು ಸರಿಯಾ?
— ಓದುಗರು, ಹುಮನಾಬಾದ್

ಉತ್ತರ: ಮೊದಲು ಆ ತಟ್ಟೆಯನ್ನು ಎಲ್ಲರ ತಟ್ಟೆಗಳ ಜೊತೆ ಇಡಿ, ತಾಯಿ. ಕ್ಯಾನ್ಸರ್ ಅಂಟುರೋಗವಲ್ಲ. ಮೊಮ್ಮಗ ತೊಡೆ ಮೇಲೆ ಕೂತರೆ ಏನೂ ಆಗುವುದಿಲ್ಲ.

ವೈರಸ್‌ನ ಹೆಸರು ಎಚ್‌ಪಿವಿ. ಹೆಂಗಸರ ಗರ್ಭಕೊರಳಿನ ಕ್ಯಾನ್ಸರ್‌ಗೆ ಕಾರಣವಾಗುವುದೂ ಇದೇ. ಈ ನಂಟನ್ನು ಕಂಡುಹಿಡಿದ ಜರ್ಮನಿಯ ವಿಜ್ಞಾನಿ ಹರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಇದರ 16ನೇ ಬಗೆ ಟಾನ್ಸಿಲ್‌ನಲ್ಲಿ, ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ತರಬಲ್ಲದು. ಹರಡುವುದು ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ, ಅದರಲ್ಲೂ ಬಾಯಿಯ ಮೂಲಕ. ಬಹಳ ಮಂದಿಯಲ್ಲಿ ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ. ಕೆಲವರಲ್ಲಿ ಉಳಿದು, ಹತ್ತಾರು ವರ್ಷ ಬಿಟ್ಟು ಕ್ಯಾನ್ಸರ್ ಆಗುತ್ತದೆ. ಹಾಗಾಗಿ ಮಾವನವರನ್ನು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ಯಾವ ಕಾಲದ್ದೋ ಏನೋ!

ಇನ್ನೊಂದು ಮಾತು. ಪಿ16 ಅಂದರೆ ವೈರಸ್ ಅಲ್ಲ, ನಮ್ಮ ಜೀವಕೋಶದ್ದೇ ಪ್ರೋಟೀನ್. ಕೋಶ ಮನಸ್ಸಿಗೆ ಬಂದಂತೆ ಬೆಳೆಯದ ಹಾಗೆ ಒಳಗೊಂದು ಬ್ರೇಕ್ ಇರುತ್ತದೆ. ವೈರಸ್ ಆ ಬ್ರೇಕ್ ಕೆಡಿಸಿದಾಗ ಪಿ16 ಜಾಸ್ತಿಯಾಗುತ್ತದೆ, ಸ್ಲೈಡಿನ ಮೇಲೆ ಕಂದು ಬಣ್ಣ ಕಾಣುತ್ತದೆ. ಆದರೆ ವೈರಸ್ ಇಲ್ಲದೆಯೂ ಕೆಲವರಲ್ಲಿ ಪಿ16 ಹೆಚ್ಚಿರುತ್ತದೆ. ಬಯಾಪ್ಸಿ ತುಣುಕನ್ನು ಮೇಣದ ಬ್ಲಾಕಿನಲ್ಲಿ ಇಟ್ಟಿರುತ್ತಾರೆ. ಅದರಲ್ಲೇ ಎಚ್‌ಪಿವಿ ಪರೀಕ್ಷೆಯನ್ನೂ ಮಾಡಿಸಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ವೈರಸ್‌ನಿಂದಲೇ ಬಂದದ್ದು ಅಂತಾದರೆ ಒಳ್ಳೆಯ ಸುದ್ದಿಯೇ. ತಂಬಾಕಿನಿಂದ ಬಂದದ್ದಕ್ಕಿಂತ ಇದು ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ.

ಇದನ್ನು ಓದಿ ಗುಟ್ಕಾ ತಿನ್ನುವವರು ಖುಷಿಪಡಬೇಡಿ. ಕಲಬುರಗಿಯ ನಮ್ಮ ಓಪಿಡಿಯಲ್ಲಿ ‘ಆ’ ಅನ್ನಿ ಅಂದರೆ, ಮೊದಲು ಹೊರಗೆ ಹೋಗಿ ಉಗುಳಿ ಬರುವವರೇ ಜಾಸ್ತಿ.

ಲಸಿಕೆ ಇದೆ, ಆದರೆ ಮಾವನವರಿಗೆ ಈಗ ಉಪಯೋಗವಿಲ್ಲ. ಮನೆಯಲ್ಲಿ 9ರಿಂದ 14 ವರ್ಷದ ಮಕ್ಕಳಿದ್ದರೆ ಅವರಿಗೆ ಕೊಡಿಸುವ ಬಗ್ಗೆ ವಿಚಾರಿಸಿ.

ಕರೆಂಟ್, ಅಂದರೆ ರೇಡಿಯೇಷನ್ ಚಿಕಿತ್ಸೆ ಕೊಡುವುದಾದರೆ, ಶುರು ಮಾಡುವ ಮೊದಲೇ ಹಲ್ಲಿನ ಡಾಕ್ಟರಿಗೆ ತೋರಿಸಿ. ಹಾಳಾದ ಹಲ್ಲಿದ್ದರೆ ಆಗಲೇ ಕೀಳಿಸಬೇಕು. ಆಮೇಲೆ ಕಿತ್ತರೆ ದವಡೆಯ ಮೂಳೆ ಮಾಯುವುದು ಕಷ್ಟ. ಕರೆಂಟ್ ಶುರುವಾದ ಮೇಲೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ, ಹಾಲಲ್ಲಿ ನೆನೆಸಿ ಕೊಡಿ. ಅದೇ ಹಳೆಯ ತಟ್ಟೆಯಲ್ಲಿ.