ಕೊಡುವ ಬ್ಯಾಟ್ರಿಗೆ ಚಾರ್ಜಿಂಗ್ ಬೇಡ, ಸೆಲ್ಲೇ ಇರಲಿ

ಭಾವ, ಫೋಟೊ ನೋಡಿದೆ. ಮಳೆಗಾಲದಲ್ಲಿ ಕತ್ತಲಾದ ಮೇಲೆ ಮನೆಗೆ ಹೋಗುವ ಆಳುಗಳಿಗೆ, ನೆಂಟರಿಗೆ ಕೊಡಲಿಕ್ಕೆ ಅಂತ ಪ್ಲಗ್ ಇರುವ ಚಾರ್ಜಿಂಗ್ ಬ್ಯಾಟ್ರಿ (ಟಾರ್ಚ್) ಆರು ತಂದು, ಫುಲ್ ಚಾರ್ಜ್ ಮಾಡಿ ಕಪಾಟಿಗೆ ಹಾಕಿದ್ದೀರಿ. ನಾನೂ ಇದನ್ನೇ ಮಾಡಿ ಕೆಟ್ಟವನು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಈ ನಮೂನೆ ಅಗ್ಗದವುಗಳೊಳಗೆ ಹೆಚ್ಚಾಗಿ ಇರುವುದು 4 ವೋಲ್ಟಿನ ಸಣ್ಣ ಲೆಡ್ ಆಸಿಡ್ ಡಬ್ಬಿ. ಸುಮ್ಮನಿಟ್ಟರೂ ಚಾರ್ಜ್ ಇಳಿಯುತ್ತದೆ. ಇಳಿದದ್ದು ಹಾಗೇ ಉಳಿದರೆ ಪ್ಲೇಟಿಗೆ ಸಲ್ಫೇಟ್ ಕೂತು ಮತ್ತೆ ಹಿಡಿಯುವುದಿಲ್ಲ. ದೀಪಾವಳಿಗೆ ಇಟ್ಟದ್ದನ್ನು ರೋಹಿಣಿ ಮಳೆಗೆ ತೆಗೆದರೆ ಮಿಣುಕುಹುಳ. ತಂದಾಗಿದೆಯಲ್ಲ, ಎರಡು ತಿಂಗಳಿಗೊಮ್ಮೆ ಚಾರ್ಜ್ ಮಾಡಿ ಮನೆಯೊಳಗೇ ಬಳಸಿ. ರಾತ್ರಿಯಿಡೀ ಚುಚ್ಚಿಡಬೇಡಿ, ಹಲವದರಲ್ಲಿ ಫುಲ್ ಆದಾಗ ತಾನೇ ನಿಲ್ಲಿಸುವ ಕಟ್‌ಆಫ್ ಇಲ್ಲ, ಡಬ್ಬಿ ಉಬ್ಬುತ್ತದೆ. ಚುಚ್ಚಿದಾಗ ಕೈಯಲ್ಲಿ ಹಿಡಿಯಲೂ ಬೇಡಿ. ಮನೆಯ ಕರೆಂಟನ್ನು ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇಲ್ಲದೆ ಬರೀ ಕೆಪಾಸಿಟರ್ ಮೇಲೆ ನಡೆಯುವವೇ ಬಹಳ, ಮೈ ಒಡೆದಿದ್ದರೆ ಒದ್ದೆ ಕೈಗೆ ಶಾಕ್.

ಕೊಡಲಿಕ್ಕೆ ಎಎ (ಗೋಡೆ ಗಡಿಯಾರದ ಸಣ್ಣ) ಸೆಲ್ಲಿನ ಎಲ್‌ಇಡಿ ಬ್ಯಾಟ್ರಿ ತನ್ನಿ, ಒತ್ತಿದರೆ ಹತ್ತುವ, ಒತ್ತಿದರೆ ಆರುವ ಒಂದೇ ಮೋಡಿನದು. ಮಿಣಮಿಣ ಮೋಡ್ ಇದ್ದರೆ ತೋಟ ದಾಟುವಾಗ ಅದೇ ಬೀಳುತ್ತದೆ, ಮರುದಿನ 'ಹಾಳಾಗಿದೆ' ಅಂತ ವಾಪಸು ಬರುತ್ತದೆ. ಕಾಲುಸಂಕ ದಾಟಲಿಕ್ಕೆ 50ರಿಂದ 100 ಲ್ಯೂಮೆನ್ ಬೆಳಕು ಬೇಕಾದಷ್ಟಾಯಿತು. 18650 ಅನ್ನುವ ಅಳತೆಯ, ಚಾರ್ಜ್ ಮಾಡುವ ಲಿಥಿಯಂ ಸೆಲ್ಲಿನದನ್ನು ಬೇರೆಯವರ ಕೈಗೆ ಕೊಡಲೇಬೇಡಿ. ಮೈಮೇಲೆ 9900 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ) ಅಂತ ಬರೆದ ಸೆಲ್ ಸುಳ್ಳು, ಆ ಅಳತೆಯ ಒಳ್ಳೆ ಸೆಲ್ಲೇ 3500ರ ಆಸುಪಾಸು.

ಕಪಾಟಿನಲ್ಲಿ ಇಡುವಾಗ ಸೆಲ್ಲಿನಿಂದ ಕರೆಂಟ್ ಹರಿಯದಂತೆ ತಡೆಯಲಿಕ್ಕೆ ಹಾಲಿನ ಪ್ಲಾಸ್ಟಿಕ್ ಕೊಟ್ಟೆ ಬೇಕು. ತೊಳೆದು ಒಣಗಿಸಿ ಅರ್ಧ ಇಂಚು ಅಗಲ, ಮೂರು ಇಂಚು ಉದ್ದ ಪಟ್ಟಿ ಕತ್ತರಿಸಿ. ಸೆಲ್ಲಿನ ತಳಕ್ಕೂ ಸ್ಪ್ರಿಂಗಿಗೂ ಮಧ್ಯ ಇಟ್ಟು, ಬಾಲ ಹೊರಗೆ ಬಿಟ್ಟು ಮುಚ್ಚಳ ಹಾಕಿ. ಸ್ಪ್ರಿಂಗ್ ಪೂರ್ತಿ ಮುಚ್ಚಬೇಕು, ಒಂದು ಬದಿ ತಾಗಿದರೂ ಕರೆಂಟ್ ಹರಿಯುತ್ತದೆ. ಸ್ವಿಚ್ ಒತ್ತಿ ಹತ್ತಲಿಲ್ಲ ಅಂದರೆ ಸರಿ. ಕರೆಂಟ್ ಹೋದಾಗ ಮುಚ್ಚಳ ಸ್ವಲ್ಪ ಸಡಿಲಿಸಿ ಪಟ್ಟಿ ಎಳೆದು ಬಿಗಿ ಮಾಡಿದರೆ ಮುಗಿಯಿತು, ಕತ್ತಲಲ್ಲಿ ಸೆಲ್ ತಡಕುವ ಕೆಲಸವಿಲ್ಲ. ಪಟ್ಟಿ ಇರುವಷ್ಟು ಹೊತ್ತು ನೀರು ತಡೆಯುವ ರಬ್ಬರ್ ರಿಂಗ್ ಸರಿಯಾಗಿ ಕೂರುವುದಿಲ್ಲ, ಹಾಗಾಗಿ ಜಗಲಿಯಲ್ಲಿ ಇರಚಲು ಬೀಳುವಲ್ಲಿ ನೇತುಹಾಕಬೇಡಿ. ಮತ್ತೆ, ಪಟ್ಟಿ ಹಾಕಿದೆ ಅಂತ ಸೆಲ್ ಸೋರುವುದು ನಿಲ್ಲುವುದಿಲ್ಲ, ವರ್ಷಕ್ಕೆರಡು ಸಲ ತೆಗೆದು ನೋಡಲೇಬೇಕು.

ಸೆಲ್ ವಿಚಾರ. ಎವರೆಡಿ ಕೆಂಪು 1015 ಗಡಿಯಾರಕ್ಕೆ ಸಾಕು, ಬ್ಯಾಟ್ರಿಯಲ್ಲಿ ತಿಂಗಳುಗಟ್ಟಲೆ ಬಿಡಬೇಡಿ. ಸತುವಿನ ತಗಡೇ ಅದರ ಡಬ್ಬಿ, ಬಳಸಿದಂತೆ ಅದೇ ಸವೆದು ತೂತಾಗುತ್ತದೆ. ತುರ್ತಿಗೆ ಅಂತಾದರೆ ನನ್ನ ಆಯ್ಕೆ ಪ್ಯಾನಸೋನಿಕ್ ಎನಿಲೂಪ್, ಮತ್ತೆ ಮತ್ತೆ ಚಾರ್ಜ್ ಮಾಡುವ ಸೆಲ್. ದುಬಾರಿ, ಆದರೆ ವರ್ಷ ಬಿಟ್ಟರೂ ಬಹುಪಾಲು ಚಾರ್ಜ್ ಉಳಿಯುತ್ತದೆ. ಅದನ್ನು ಮನೆಯ ಬ್ಯಾಟ್ರಿಗೆ ಇಟ್ಟುಕೊಳ್ಳಿ, ಕೊಡುವುದಕ್ಕೆ ಚಾರ್ಜ್ ಮಾಡಲಾಗದ ಆಲ್ಕಲೈನ್ ಸೆಲ್ ಹಾಕಿ. ಹೊಸದು ಹಳತು ಬೆರೆಸಿದವರಿಗೆ ಬೈಯಬೇಕು! ಸೋತ ಸೆಲ್ಲನ್ನು ಹೊಸದು ಉಲ್ಟಾ ದೂಡಿ ಸೋರಿಸುತ್ತದೆ. ಮಾರ್ಕರಿನಲ್ಲಿ ಹಾಕಿದ ತಿಂಗಳು ಬರೆದಿಡಿ.

ಆಲ್ಕಲೈನ್ ಸೋರಿ ಬಿಳಿ ಪುಡಿ ಕೂತಿದ್ದರೆ ಹತ್ತಿಗೆ ಲಿಂಬೆರಸ ಹಚ್ಚಿ ಉಜ್ಜಿ, ನೀರಿನಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ. ಕಾರವಾರ, ಕುಮಟಾ ಕಡೆಯವರಿಗೆ ಉಪ್ಪುಗಾಳಿ, ಸ್ಪ್ರಿಂಗ್ ಬೇಗ ಹಸಿರುಗಟ್ಟುತ್ತದೆ. ಮುಚ್ಚಳದ ಮರೆಗೆ (ತಿರುಪಿನ ಗೆರೆಗೆ) ವ್ಯಾಸಲಿನ್ ತೆಳ್ಳಗೆ ಸವರಿ, ಸೆಲ್ಲಿನ ತುದಿಗೆ ಬೇಡ.