ಚಿತ್ತಾರದ ಅಜ್ಜಿಯ ಹೆಸರು ಯಾಕೆ ಹಾಕಲಿಲ್ಲ?

ಕುಮಟಾದ ಓದುಗರೊಬ್ಬರು, ನಿವೃತ್ತ ಡ್ರಾಯಿಂಗ್ ಮಾಸ್ತರರು, ಬರೆದಿದ್ದಾರೆ: 'ಸಿದ್ದಾಪುರ ಕಡೆಯ, ಗೋಡೆಗೆ ಚಿತ್ತಾರ ಬರೆಯುವ ಅಜ್ಜಿಯ ಬಗ್ಗೆ ಆರು ಪುಟ ಹಾಕಿದಿರಿ. ಐವತ್ತು ವರ್ಷದ ಕೆಲಸ, ಊರ ಸಭಾಭವನದ ಗೋಡೆ, ಶಾಲೆ ಮಕ್ಕಳು, ಎಲ್ಲ ಬಂತು. ಅವರ ಹೆಸರು ಮಾತ್ರ ಇಲ್ಲ. ಬೆಂಗಳೂರಿನ ಕಲಾವಿದರಾಗಿದ್ದರೆ ಹೀಗೆ ಬಿಡುತ್ತಿದ್ದಿರಾ? ಇನ್ನೊಂದು ಮಾತು: ಸಿಮೆಂಟು ಗೋಡೆಗೆ ಅಂಗಡಿ ಬಣ್ಣದಲ್ಲಿ ಬರೆದದ್ದನ್ನು ಚಿತ್ತಾರ ಅನ್ನಬಹುದೇ?'

ಮಾಸ್ತರರೇ, ನಿಮ್ಮ ಪತ್ರಕ್ಕೆ ಎರಡು ದಿನ ಉತ್ತರ ಬರೆಯಲಾಗಲಿಲ್ಲ. ಹೆಸರು ಹಾಕಬೇಡಿ ಎಂದವರು ಆ ಅಜ್ಜಿಯೇ. ಆದರೆ ಅಷ್ಟನ್ನಾದರೂ ಲೇಖನದಲ್ಲಿ ತಿಳಿಸಬೇಕಿತ್ತು. ತಿಳಿಸದೆ ಹೋದದ್ದು ನಮ್ಮ ತಪ್ಪು. ಹೆಸರು ಕೇಳುವ ಗೋಜಿಗೇ ನಾವು ಹೋಗಲಿಲ್ಲ ಎಂದು ನಿಮಗೆ ಅನ್ನಿಸಿದ್ದು ಸಹಜ.

ಅವರು ಬೇಡವೆಂದದ್ದು ನಾಚಿಕೆಯಿಂದಲ್ಲ. ನಮ್ಮ ಮಲೆನಾಡಿನ ದೀವರ ಸಮುದಾಯದ ಮನೆಯಲ್ಲಿ ಹಸೆಗೋಡೆಗೆ ಚಿತ್ತಾರ ಬರೆಯುವುದನ್ನು ಕೂತು ನೋಡಿದರೆ ಇದು ತಿಳಿಯುತ್ತದೆ. ಮದುವೆಗೆ ಮೊದಲು ಗೋಡೆಗೆ ಕೆಮ್ಮಣ್ಣು ಬಳಿಯುವವಳು ಒಬ್ಬಳು. ಅಕ್ಕಿ ನೆನೆಹಾಕಿ ನುಣ್ಣಗೆ ಅರೆದು ಬಿಳಿ ಬಣ್ಣ ಮಾಡುವವಳು ಇನ್ನೊಬ್ಬಳು. ಅದೇ ಅಕ್ಕಿಯನ್ನು ಕರಕಾಗುವಂತೆ ಹುರಿದರೆ ಕಪ್ಪು, ಗುರಿಗೆ ಕಾಯಿಂದ ಹಳದಿ. ಪುಂಡಿ ನಾರಿನ ಕುಂಚವನ್ನು ಹದ ಮಾಡಿಕೊಡಲು ಒಬ್ಬ ಹಿರಿಯಳು ಬೇಕು. ಕೈ ಕುದುರಿದವಳು ಪಟ್ಟಿ ಹಿಡಿಯದೆ ಕಣ್ಣಳತೆಯಲ್ಲೇ ಎಳೆ ಹಾಕುತ್ತಾಳೆ, ಕಲಿಯುವವಳು ನಡುವಿನ ಜಾಗ ತುಂಬುತ್ತಾಳೆ, ಪಕ್ಕದಲ್ಲಿ ಕೂತವರು ಹಾಡುತ್ತಾರೆ. ಮದುಮಕ್ಕಳು ಆ ಗೋಡೆಯ ಎದುರು ಹಸೆಗೆ ಕೂತೇಳುತ್ತಾರೆ. ಮುಂದಿನ ಸಲ ಗೋಡೆಗೆ ಮಣ್ಣು ಬಳಿಯುವಾಗ ಆ ಚಿತ್ತಾರ ಅದರಡಿ ಸೇರಿಬಿಡುತ್ತದೆ. ಅದರ ಮೂಲೆಯಲ್ಲಿ ಸಹಿ ಹಾಕಬೇಕಾದವರು ಯಾರು?

ಲೇಖನದಲ್ಲಿ ಬಾರದ ಒಂದು ಸಂಗತಿ ಇದೆ. ಅಜ್ಜಿಯ ತವರು ಸಾಗರದ ಕಡೆ. ಅಲ್ಲಿ ತಾಯಿಯಿಂದ ಕಲಿತ ಎಳೆಯೇ ಬೇರೆ, ಗಂಡನ ಮನೆಯ ಎಳೆಯೇ ಬೇರೆ. ಮದುವೆಯಾಗಿ ಬಂದು ಮೂರು ವರ್ಷ ಅತ್ತೆ ಅವರಿಗೆ ಅಕ್ಕಿ ಅರೆಯುವ ಕೆಲಸವಷ್ಟೇ ಕೊಟ್ಟಿದ್ದರಂತೆ. ನಾಲ್ಕನೇ ವರ್ಷ ನೆರೆಮನೆಯ ಮದುವೆಯಲ್ಲಿ ಅತ್ತೆಗೆ ಜ್ವರ ಬಂತು, ಕುಂಚ ಇವರ ಕೈಗೆ ಬಂತು. ಇವರು ಗೊತ್ತಿಲ್ಲದೇ ತವರಿನ ಎಳೆ ಹಾಕಿಬಿಟ್ಟರು. ಅತ್ತೆ ಕಂಬಳಿ ಹೊದ್ದು ಬಂದು ನೋಡಿ, ಬಯ್ಯಲಿಲ್ಲ, ಅಳಿಸು ಅನ್ನಲಿಲ್ಲ. ಕೆಳಗಿನ ಅಂಚನ್ನು ಮಾತ್ರ ತಮ್ಮ ರೀತಿಯಲ್ಲಿ ಬರೆದು ಹೋದರು. ಅಲ್ಲಿಂದೀಚೆ ಆ ಕೇರಿಯಲ್ಲಿ ಮೇಲೆ ಸಾಗರದ ಎಳೆ, ಕೆಳಗೆ ಅತ್ತೆಯ ಅಂಚು. 'ನನ್ ಹೆಸ್ರು ಒಂದೇ ಹಾಕಿದ್ರೆ ನಮ್ಮತ್ತೆ ಕೈ ಎಲ್ಲಿ ಹೋತು ತಮ್ಮಾ?' ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅದಕ್ಕೇ ಒಪ್ಪಿಕೊಂಡೆ.

ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಸುಣ್ಣದ ಗಾರೆಯ ಮೇಲೆ ಕಾವಿ ಮಣ್ಣಿನ ಪದರ ಕೊಟ್ಟು, ಅದು ಹಸಿಯಿರುವಾಗಲೇ ಕಬ್ಬಿಣದ ಮೊನೆಯಿಂದ ಕೆರೆದು ಅಡಿಯ ಬಿಳಿಯನ್ನು ಎಬ್ಬಿಸುವ ಕೆಲಸ ಅದು. ಕೈ ತಪ್ಪಿದರೆ ತಿದ್ದುವುದು ಕಷ್ಟ. ಆ ಗೆರೆ ಕೆರೆದವರು ಯಾರೆಂದು ನಾನು ಚಿಕ್ಕಂದಿನಿಂದ ಕೇಳುತ್ತಿದ್ದೇನೆ, ಹೇಳಿದವರು ಒಬ್ಬರೂ ಇಲ್ಲ. ಹೊನ್ನಾವರದ ಕೃಷ್ಣಾನಂದ ಕಾಮತರು, ಸಸ್ಯವಿಜ್ಞಾನಿಯಾಗಿದ್ದೂ, ಊರೂರು ತಿರುಗಿ ಕಾವಿ ಕಲೆಯನ್ನು ದಾಖಲಿಸದಿದ್ದರೆ ಎಷ್ಟೋ ಗೋಡೆಗಳು ಇದ್ದವೆಂಬುದೂ ನಮಗೆ ತಿಳಿಯುತ್ತಿರಲಿಲ್ಲ. ನಿಮ್ಮ ಪತ್ರ ಓದುವವರೆಗೂ ಆ ಹೆಸರಿಲ್ಲದಿರುವಿಕೆ ನನಗೆ ದೊಡ್ಡ ಗುಣವಾಗಿ ಕಾಣುತ್ತಿತ್ತು. ಈಗ ಹಾಗೆ ಅನ್ನಿಸುವುದಿಲ್ಲ.

ಅಂಕೋಲಾ ಬಡಗೇರಿಯ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರ ವಿಷಯವನ್ನೇ ತೆಗೆದುಕೊಳ್ಳಿ. ಅವರು ಹಾಡಿದ್ದು ಹಾಲಕ್ಕಿ ಸಮುದಾಯದ ಹೆಂಗಸರೆಲ್ಲರ ಹಾಡು, ಅಜ್ಜಿಯಿಂದ ಮೊಮ್ಮಗಳಿಗೆ ಬಂದದ್ದು. ಆದರೂ 2017ರಲ್ಲಿ ಪದ್ಮಶ್ರೀ ಬಂದಾಗ ಅವರ ಹೆಸರಿನ ಜೊತೆ ಹಾಲಕ್ಕಿಗಳ ಹೆಸರೂ ದೇಶಕ್ಕೆ ಕೇಳಿಸಿತು. ಸಾರಾಯಿ ವಿರುದ್ಧ ಅವರು ಆಡಿದ ಮಾತಿಗೂ ಆ ಹೆಸರು ಬಲ ಕೊಟ್ಟಿತು. 2025ರಲ್ಲಿ ಅವರು ತೀರಿಕೊಂಡಾಗ ಜಿಲ್ಲೆಯೇ ಮನೆಯವರನ್ನು ಕಳೆದುಕೊಂಡಂತೆ ಮರುಗಿತು. ಯಕ್ಷಗಾನದಲ್ಲಿ ಚಿಟ್ಟಾಣಿ, ಕೆರೆಮನೆ ಎಂದು ಹೆಸರು ಹಿಡಿದೇ ಮಾತಾಡುತ್ತೇವೆ. ಮೇಳವೆಲ್ಲ ಸೇರಿ ಕಟ್ಟಿದ ಆಟ ಅದು ಎಂದು ಯಾರೂ ಹೆಸರು ಬಿಡುವುದಿಲ್ಲ. ಮನೆಯೊಳಗಿನ ಹೆಂಗಸರ ಕೆಲಸಕ್ಕೆ ಬಂದಾಗ ಮಾತ್ರ 'ಇದು ಎಲ್ಲರದ್ದು' ಎಂಬ ಮಾತು ನಮಗೆ ಬೇಗ ನೆನಪಾಗುತ್ತದೆ. ಅವರ ಎಳೆಗಳು ಇವತ್ತು ಚೀಲದ ಮೇಲೆ, ಹೋಂಸ್ಟೇ ಗೋಡೆಯ ಮೇಲೆ ಅಚ್ಚಾಗುತ್ತಿವೆ. ಎಲ್ಲರದ್ದು ಎಂದವರು ಆ ದುಡ್ಡನ್ನು ಎಲ್ಲರಿಗೂ ಹಂಚಿದ್ದನ್ನು ನಾನು ಕಂಡಿಲ್ಲ.

ಬಣ್ಣದ ಮಾತಿಗೆ ನನ್ನ ಉತ್ತರ ಚಿಕ್ಕದು. ಸಭಾಭವನದ ಗೋಡೆ ನನಗೂ ಅಷ್ಟು ಹಿಡಿಸಲಿಲ್ಲ. ಅಂಗಡಿಯ ಬಿಳಿ ಕಣ್ಣಿಗೆ ಹೊಡೆಯುತ್ತದೆ, ಅಕ್ಕಿಯ ಬಿಳಿಯ ತಂಪು ಅದಕ್ಕಿಲ್ಲ. ಆದರೆ ಸಿಮೆಂಟಿನ ಹೊರಗೋಡೆಯಲ್ಲಿ, ನಮ್ಮ ಮಳೆಗೆ, ಅಕ್ಕಿ ಹಿಟ್ಟು ಎಷ್ಟು ದಿನ ನಿಂತೀತು? ಅಜ್ಜಿ ಅಲ್ಲಿ ಒಂದೇ ಹಟ ಹಿಡಿದಿದ್ದರು: ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಮಕ್ಕಳು ಒಂದು ವಾರ ಅಕ್ಕಿ ಅರೆಯಬೇಕು, ಪುಂಡಿ ನಾರಿನ ಕುಂಚ ಮಾಡಬೇಕು, ಮಣ್ಣಿನ ಗೋಡೆಗೆ ಬರೆದು ಅಳಿಸಬೇಕು. ಆ ವಾರವನ್ನು ನಾನು ಚಿತ್ತಾರ ಅನ್ನುತ್ತೇನೆ.

ಭೂಮಿ ಹುಣ್ಣಿಮೆಗೆ ಎರಡು ದಿನ ಇರುವಾಗ ನಿಮ್ಮ ಪತ್ರ ಹಿಡಿದು ಅವರ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಕೂತು, ಗದ್ದೆ ಪೂಜೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದರು. ಓದಿ ಹೇಳಿದೆ. ಬುಟ್ಟಿ ತಿರುಗಿಸುತ್ತ ಕೇಳಿಸಿಕೊಂಡು, 'ಮಾಸ್ತರ್ರು ಹೇಳದು ಹೌದು' ಎಂದರು. ಸ್ವಲ್ಪ ಹೊತ್ತು ಬಿಟ್ಟು, 'ಹಾಕೋದಾದ್ರೆ ಎಲ್ಲರದ್ದೂ ಹಾಕಿ' ಎಂದು ಸಭಾಭವನದ ಗೋಡೆಯಲ್ಲಿ ಕೈ ಇರುವವರನ್ನು ಒಬ್ಬೊಬ್ಬರಾಗಿ ಹೇಳತೊಡಗಿದರು. ಮೊದಲನೆಯದು ತೀರಿಹೋದ ಅತ್ತೆಯ ಹೆಸರು. ತಮ್ಮದನ್ನು ಹೇಳಿದ್ದು ಏಳನೆಯದಾಗಿ, ಅಕ್ಕಿ ಅರೆದ ಇಬ್ಬರು ಹುಡುಗಿಯರ ನಂತರ.

ಒಟ್ಟು ಹದಿಮೂರು ಹೆಸರು. ಹನ್ನೆರಡು ಹೆಸರಿಗೆ ಆಯಾ ಮನೆಯವರನ್ನು ಕೇಳಿ ಒಪ್ಪಿಗೆ ಪಡೆದಿದ್ದೇವೆ. ಒಬ್ಬಳು ಮದುವೆಯಾಗಿ ಸೊರಬದ ಕಡೆ ಹೋಗಿದ್ದಾಳೆ, ಅವಳಿಗೆ ಹೇಳಿ ಕಳಿಸಿದ್ದೇವೆ. ಅವಳ ಉತ್ತರ ಬಂದ ಮೇಲೆ ಗೋಡೆಯ ಚಿತ್ರದ ಕೆಳಗೆ ಅಜ್ಜಿ ಹೇಳಿದ ಸಾಲಿನಲ್ಲೇ ಎಲ್ಲ ಹೆಸರನ್ನೂ ಅಚ್ಚು ಹಾಕುತ್ತೇವೆ.

— ಸಂಪಾದಕ